ಮಕ್ಕಳ ಕಲಿಕೆ, ನೆನಪು ಮತ್ತು ಡೋಪಮೈನ್

(ಗಬ್ಬೂರಿನಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಪಾಲಕರು, ಶಿಕ್ಷಕರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)





ಇಂಥ ಸಮಾರಂಭಗಳಲ್ಲಿ ಸಾಮಾನ್ಯವಾಗಿ 'ಶಿಕ್ಷಣದ ಮಹತ್ವ' ಎಂಬ ವಿಷಯವನ್ನು ಕೊಡುತ್ತಾರೆ. ಶಿಕ್ಷಣ ಮಹತ್ವದ್ದು ಎಂಬುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪವಿತ್ರ ಕುರ್‌ಆನಿನ ಮೊದಲ ಅವತೀರ್ಣವೇ ಓದಿನ ಬಗ್ಗೆ ಎಂಬುದು ಮಕ್ತಬದ ಚಿಕ್ಕ ಮಗುವಿಗೂ ಗೊತ್ತು. ಆದ್ದರಿಂದ ಇಂದು ಓದಿದ್ದು ತಲೆಯಲ್ಲಿ ಹೇಗೆ ನಿಲ್ಲುತ್ತದೆ, ಏಕೆ ನಿಲ್ಲುವುದಿಲ್ಲ ಎಂಬ ವಿಷಯವನ್ನು ಆಯ್ದುಕೊಂಡಿದ್ದೇನೆ.

ಇದಕ್ಕೆ ಕಾರಣವಿದೆ. ಪಾಲಕರ ಸಭೆಯಲ್ಲಿ ನಾವು ಶಿಕ್ಷಕರು ಹೆಚ್ಚಾಗಿ ಕೇಳುವ ಮಾತು ಒಂದೇ. "ಇಸ್ಕು ಕುಛ್ ಯಾದಚ್ ನೈ ರಹತಾ" ಎಂದು ಉರ್ದುವಿನಲ್ಲಿ ಹೇಳುತ್ತಾರೆ. "ಇವನ ತಲ್ಯಾಗ ಏನೂ ನಿಂದ್ರೂದಿಲ್ರಿ" ಎಂದು ಕನ್ನಡದಲ್ಲಿ ಹೇಳುತ್ತಾರೆ. ಮಗು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ. ಕೆಲವು ವರ್ಷಗಳಲ್ಲಿ ಆ ಮಗುವಿಗೆ 'ದಡ್ಡ', 'ಕುಂದ್ ಜೆಹೆನ್' ಎಂಬ ಹೆಸರು ಅಂಟಿಕೊಳ್ಳುತ್ತದೆ. ಎಂಟನೆಯ ಅಥವಾ ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಅದು ಶಾಲೆ ಬಿಡುತ್ತದೆ. ಗಂಡು ಮಕ್ಕಳು ಗ್ಯಾರೇಜು, ಅಂಗಡಿ, ಗೌಂಡಿ ಕೆಲಸ ಎಂದು ಹೋಗುತ್ತಾರೆ. ಹೆಣ್ಣು ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. "ಓದು ತಲೆಗೆ ಹತ್ತಲಿಲ್ಲ" ಎಂಬ ಒಂದು ಮಾತಿನಲ್ಲಿ ಒಂದು ಬದುಕಿನ ದಾರಿ ತೀರ್ಮಾನವಾಗಿಬಿಡುತ್ತದೆ.

ಆದರೆ ಒಂದು ಸಂಗತಿಯನ್ನು ಗಮನಿಸಿ. ನೆನಪು ನಿಲ್ಲುವುದಿಲ್ಲ ಎಂದು ಶಾಲೆ ಬಿಡಿಸಿದ ಹುಡುಗ ಗ್ಯಾರೇಜಿಗೆ ಸೇರಿದ ಆರು ತಿಂಗಳಲ್ಲಿ 10 ನಂಬರ್, 12 ನಂಬರ್, 14 ನಂಬರ್ ಪಾನಾಗಳನ್ನು ನೋಡದೆಯೇ ಕೈಯಿಂದ ಮುಟ್ಟಿ ಗುರುತಿಸುತ್ತಾನೆ. ಯಾವ ಗಾಡಿಗೆ ಯಾವ ಬೋಲ್ಟು ಎಂಬುದು ಅವನಿಗೆ ಬಾಯಿಪಾಠವಾಗಿರುತ್ತದೆ. ಹಾಗಾದರೆ ಅವನಿಗೆ ನೆನಪಿನ ಶಕ್ತಿ ಇರಲಿಲ್ಲವೇ? ಇತ್ತು. ಶಾಲೆಯಲ್ಲಿ ಅದು ಕೆಲಸ ಮಾಡಲಿಲ್ಲ, ಗ್ಯಾರೇಜಿನಲ್ಲಿ ಮಾಡಿತು. ಇದು ಏಕೆ ಎಂಬುದಕ್ಕೆ ಮಿದುಳಿನ ವಿಜ್ಞಾನದಲ್ಲಿ ಒಂದು ಉತ್ತರವಿದೆ. ಆ ಉತ್ತರದ ದೊಡ್ಡ ಭಾಗ 'ಡೋಪಮೈನ್' ಎಂಬ ಒಂದು ರಾಸಾಯನಿಕಕ್ಕೆ ಸಂಬಂಧಿಸಿದ್ದು.

ನೆನಪು ಎಲ್ಲಿದೆ?

ಸಾವಿರ ವರ್ಷಗಳ ಹಿಂದೆ ಬಾಳಿದ ಹಕೀಮ ಇಬ್ನ್ ಸೀನಾ (980–1037) ಮಿದುಳಿನ ಒಳಗಿನ ಕುಹರಗಳಲ್ಲಿ ಮನಸ್ಸಿನ ಬೇರೆ ಬೇರೆ ಶಕ್ತಿಗಳಿವೆ, ನೆನಪಿನ ಶಕ್ತಿ ಹಿಂಭಾಗದ ಕುಹರದಲ್ಲಿದೆ ಎಂದು ಭಾವಿಸಿದ್ದರು. ನೆನಪು ಇರುವುದು ಮಿದುಳಿನಲ್ಲಿ ಎಂಬ ಅವರ ಮಾತು ನಿಜ. ಆದರೆ ಅದು ಇರುವುದು ಕುಹರಗಳಲ್ಲಲ್ಲ, ನರಕೋಶಗಳ ನಡುವಿನ ಸಂಪರ್ಕಗಳಲ್ಲಿ ಎಂಬುದು ಈಗ ಗೊತ್ತಾಗಿದೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಹೊಸದನ್ನು ಕಲಿತಾಗ ಕೆಲವು ಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ. ಬಳಸದಿದ್ದರೆ ಸಡಿಲವಾಗುತ್ತದೆ.

ಮಿದುಳಿನ ಒಳಭಾಗದಲ್ಲಿ, ಕಿವಿಗಳ ನೇರಕ್ಕೆ ಎರಡೂ ಬದಿಗೆ 'ಹಿಪೊಕ್ಯಾಂಪಸ್' ಎಂಬ ಭಾಗವಿದೆ. ಅದರ ಆಕಾರ ಸಮುದ್ರಕುದುರೆಯಂತೆ ಇದೆ. 1953ರಲ್ಲಿ ಅಮೆರಿಕದಲ್ಲಿ ಮೂರ್ಛೆರೋಗದ ಚಿಕಿತ್ಸೆಗಾಗಿ ಒಬ್ಬ ರೋಗಿಯ ಎರಡೂ ಕಡೆಯ ಈ ಭಾಗದ ಬಹುಪಾಲನ್ನು ವೈದ್ಯರು ತೆಗೆದುಹಾಕಿದರು. ಆ ವ್ಯಕ್ತಿ ಮಾತನಾಡುತ್ತಿದ್ದ, ಹಳೆಯ ಸಂಗತಿಗಳನ್ನು ಹೇಳುತ್ತಿದ್ದ. ಆದರೆ ಹೊಸದಾಗಿ ನಡೆದದ್ದು ಯಾವುದೂ ಅವನ ನೆನಪಿನಲ್ಲಿ ಉಳಿಯಲಿಲ್ಲ. ಹೊಸ ಸಂಗತಿಗಳು ನೆನಪಾಗಿ ನಿಲ್ಲಲು ಹಿಪೊಕ್ಯಾಂಪಸ್ ಬೇಕೇ ಬೇಕು ಎಂಬುದು ಆಗ ಸ್ಪಷ್ಟವಾಯಿತು.

ಕುಂಬಾರನ ಗಡಿಗೆಯನ್ನು ನೆನಪಿಸಿಕೊಳ್ಳಿ. ತಿಗರಿಯಿಂದ ಇಳಿಸಿದ ಹಸಿ ಗಡಿಗೆಗೆ ಆಕಾರವಿರುತ್ತದೆ, ಆದರೆ ನೀರು ಬಿದ್ದರೆ ಕರಗಿಹೋಗುತ್ತದೆ. ಆವಿಗೆಯಲ್ಲಿ ಬೆಂದ ಮೇಲೆಯೇ ಅದು ಗಡಿಗೆ. ನಾವು ತರಗತಿಯಲ್ಲಿ ಹೇಳಿದ್ದು ಮಗುವಿನ ತಲೆಯಲ್ಲಿ ಮೊದಲು ಹಸಿ ಗಡಿಗೆಯಾಗಿ ಇರುತ್ತದೆ. ಅದು ಗಟ್ಟಿಯಾಗಲು ನರಕೋಶಗಳಲ್ಲಿ ಹೊಸ ಪ್ರೋಟೀನುಗಳು ತಯಾರಾಗಬೇಕು. ಇದಕ್ಕೆ ಗಂಟೆಗಳೇ ಬೇಕು. ದಿನವಿಡೀ ಕಂಡದ್ದು, ಕೇಳಿದ್ದೆಲ್ಲವನ್ನೂ ಮಿದುಳು ಹೀಗೆ ಬೇಯಿಸಿ ಇಡುವುದಿಲ್ಲ. "ಇದು ಬೇಕಾದದ್ದು, ಇದನ್ನು ಇಟ್ಟುಕೋ" ಎಂಬ ಸೂಚನೆ ಬಂದದ್ದನ್ನು ಮೊದಲು ಇಡುತ್ತದೆ. ಆ ಸೂಚನೆ ಕೊಡುವ ರಾಸಾಯನಿಕಗಳಲ್ಲಿ ಡೋಪಮೈನ್ ಪ್ರಮುಖವಾದದ್ದು.

ಡೋಪಮೈನಿನ ಕಥೆ

ಈ ಕಥೆಗೆ ನಮ್ಮ ನೆಲದ ಒಂದು ಗಿಡದ ಸಂಬಂಧವೂ ಇದೆ. ಸರ್ಪಗಂಧಿಯ ಬೇರಿನಿಂದ 'ರೆಸರ್ಪಿನ್' ಎಂಬ ಔಷಧವನ್ನು 1952ರಲ್ಲಿ ಬೇರ್ಪಡಿಸಿದರು. ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಇದನ್ನು ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಕುಳಿತುಬಿಟ್ಟವು. ಬಳಿಕ ಡೋಪಮೈನ್ ತಯಾರಾಗಲು ಬೇಕಾದ 'ಎಲ್-ಡೋಪಾ' ಎಂಬ ವಸ್ತುವನ್ನು ಕೊಟ್ಟಾಗ ಅವು ಮತ್ತೆ ಎದ್ದು ಓಡಾಡಿದವು. ಡೋಪಮೈನ್ ಮಿದುಳಿನಲ್ಲಿ ಸ್ವತಃ ಸಂದೇಶ ಒಯ್ಯುವ ವಸ್ತು ಎಂಬುದನ್ನು 1950ರ ದಶಕದ ಕೊನೆಯಲ್ಲಿ ಅವರು ತೋರಿಸಿಕೊಟ್ಟರು. 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅದೇ ವರ್ಷ ಅವರೊಡನೆ ಅದನ್ನು ಹಂಚಿಕೊಂಡವರಲ್ಲಿ ಎರಿಕ್ ಕ್ಯಾಂಡೆಲ್ ಎಂಬುವರು ನೆನಪಿನ ಬಗ್ಗೆಯೇ ಸಂಶೋಧನೆ ಮಾಡಿದವರು.

ಡೋಪಮೈನ್ ತಯಾರಿಸುವ ನರಕೋಶಗಳು ಬಹಳ ಕಡಿಮೆ. 8,600 ಕೋಟಿಯಲ್ಲಿ ಮಧ್ಯ ಮಿದುಳಿನಲ್ಲಿರುವ ಇಂಥ ಕೋಶಗಳು ನಾಲ್ಕರಿಂದ ಆರು ಲಕ್ಷ ಮಾತ್ರ. ಆದರೆ ಇವುಗಳ ಎಳೆಗಳು ದೂರದವರೆಗೆ ಹರಡಿವೆ. ನೆನಪಿನ ಹಿಪೊಕ್ಯಾಂಪಸ್ಸಿಗೂ, ಯೋಚಿಸುವ ಹಣೆಯ ಹಿಂದಿನ ಭಾಗಕ್ಕೂ, ಕೈಕಾಲುಗಳ ಚಲನೆಯನ್ನು ನಡೆಸುವ ಭಾಗಗಳಿಗೂ ಇವು ಸೂಚನೆ ಕಳಿಸುತ್ತವೆ. ಈ ಕೋಶಗಳಲ್ಲಿ ಒಂದು ಗುಂಪು ನಾಶವಾದಾಗಲೇ ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ ಬರುತ್ತದೆ.

ಡೋಪಮೈನ್ ಎಂದರೆ 'ಖುಷಿಯ ರಾಸಾಯನಿಕ' ಎಂದು ಹಲವರು ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಸ್ವಿಟ್ಜರ್ಲೆಂಡಿನಲ್ಲಿ ವುಲ್ಫ್ರಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಈ ಕೋಶಗಳನ್ನು ವರ್ಷಗಟ್ಟಲೆ ಗಮನಿಸಿದರು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಕೋಶಗಳು ಚುರುಕಾದವು. ರಸಕ್ಕೆ ಮುಂಚೆ ದೀಪದ ಸೂಚನೆ ಕೊಡುತ್ತ ಹೋದಾಗ, ಕೆಲವು ದಿನಗಳಲ್ಲಿ ಅವು ದೀಪಕ್ಕೇ ಚುರುಕಾಗತೊಡಗಿದವು, ರಸಕ್ಕೆ ಅಲ್ಲ. ದೀಪ ಕಂಡೂ ರಸ ಸಿಗದಿದ್ದಾಗ ಅವುಗಳ ಚಟುವಟಿಕೆ ಇದ್ದುದಕ್ಕಿಂತ ಕೆಳಗೆ ಇಳಿಯಿತು. 1997ರಲ್ಲಿ ಅವರು ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯೂ ಅವರೊಂದಿಗೆ ಇದರ ಅರ್ಥವನ್ನು ವಿವರಿಸಿದರು. ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಡೋಪಮೈನ್ ತಿಳಿಸುತ್ತದೆ.

ಮಕ್ಕಳೇ, ನಿಮಗೆ ಇದು ಈದಿಯ ಲೆಕ್ಕದಲ್ಲಿ ಬೇಗ ತಿಳಿಯುತ್ತದೆ. ಚಾಚಾ ಪ್ರತಿ ಈದಿಗೆ 10 ರೂಪಾಯಿ ಕೊಡುತ್ತಿದ್ದರು. ಈ ಸಲ 50 ಕೊಟ್ಟರು. ನೀವು ಕುಣಿದಾಡುತ್ತೀರಿ, ಆ ದಿನವನ್ನು ಮರೆಯುವುದಿಲ್ಲ. ಮುಂದಿನ ವರ್ಷವೂ 50 ಕೊಟ್ಟರೆ ಕುಣಿತ ಇಲ್ಲ, ಅದು ಗೊತ್ತಿದ್ದದ್ದೇ. ಆಮೇಲೊಂದು ವರ್ಷ 20 ಕೊಟ್ಟರೆ ಮುಖ ಬಾಡುತ್ತದೆ. 20 ಎಂಬುದು 10ಕ್ಕಿಂತ ಹೆಚ್ಚು ತಾನೆ? ಆದರೂ ಬೇಸರ, ಏಕೆಂದರೆ ನಿರೀಕ್ಷೆ 50 ಇತ್ತು. ಮಿದುಳು ಹೀಗೆ ನಿರೀಕ್ಷೆಗೂ ನಿಜಕ್ಕೂ ಇರುವ ಅಂತರವನ್ನು ಅಳೆಯುತ್ತಿರುತ್ತದೆ. ಅಂತರ ಇದ್ದಲ್ಲಿ ಕಲಿಯುತ್ತದೆ. ಅಂತರವೇ ಇಲ್ಲದಲ್ಲಿ ಕಲಿಯಲು ಹೊಸದೇನೂ ಇರುವುದಿಲ್ಲ.

ಈಗ ಗ್ಯಾರೇಜಿನ ಹುಡುಗನ ಬಳಿಗೆ ಬರೋಣ. ಅವನು ಸ್ಕ್ರೂ ತಿರುಗಿಸಿ ಕಿಕ್ ಹೊಡೆಯುತ್ತಾನೆ. ಎಂಜಿನ್ ಸುರುವಾದರೆ ಆ ಕ್ಷಣವೇ ಗೆದ್ದ. ಆಗದಿದ್ದರೆ ಆ ಕ್ಷಣವೇ ತಪ್ಪು ಗೊತ್ತಾಯಿತು, ಮತ್ತೊಮ್ಮೆ ತಿರುಗಿಸುತ್ತಾನೆ. ದಿನಕ್ಕೆ ಇಂಥ ನೂರು ಪರೀಕ್ಷೆ, ನೂರು ಫಲಿತಾಂಶ. ಅಲ್ಲಿ ಉಸ್ತಾದರ ಬೈಗುಳ ಇಲ್ಲವೆಂದಲ್ಲ. ಆದರೆ ಬೈಗುಳದ ನಡುವೆಯೂ ದಿನಕ್ಕೆ ಹತ್ತು ಸಲ ಗೆಲ್ಲುತ್ತಾನೆ. ಶಾಲೆಯಲ್ಲಿ ಅವನು ಉತ್ತರ ಬರೆದು ಫಲಿತಾಂಶಕ್ಕೆ ತಿಂಗಳು ಕಾಯುತ್ತಿದ್ದ. ಬಂದ ಫಲಿತಾಂಶ ಪ್ರತಿ ಸಲವೂ ಸೋಲು. ಸೋಲು ಖಾತ್ರಿ ಎಂದು ಮಿದುಳು ಒಮ್ಮೆ ಲೆಕ್ಕ ಹಾಕಿಬಿಟ್ಟರೆ ಪುಸ್ತಕ ತೆರೆಯುವ ಮೊದಲೇ ಉತ್ಸಾಹ ಇಳಿದಿರುತ್ತದೆ.

ನಮ್ಮ ಬೆಂಗಳೂರಿನ ಪ್ರಯೋಗಗಳು

ಇದೆಲ್ಲ ಪರದೇಶದ ಮಾತು ಎಂದು ತಿಳಿಯಬೇಡಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರಶರೀರಕ್ರಿಯಾ ವಿಭಾಗದಲ್ಲಿ ಡಾ. ಬಿ.ಎಲ್. ಮೇಟಿ, ಡಾ. ಟಿ.ಆರ್. ರಾಜು, ಡಾ. ಬಿ.ಎಸ್. ಶಂಕರನಾರಾಯಣ ರಾವ್ ಮುಂತಾದ ವಿಜ್ಞಾನಿಗಳು ಈ ವಿಷಯದ ಮೇಲೆ ಮಹತ್ವದ ಕೆಲಸ ಮಾಡಿದ್ದಾರೆ.

ಅದರ ಹಿನ್ನೆಲೆ ಹೀಗಿದೆ. 1954ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬುವರು ಇಲಿಗಳ ಮಿದುಳಿನ ಕೆಲವು ಜಾಗಗಳಲ್ಲಿ ಸಣ್ಣ ತಂತಿ ಇಟ್ಟು, ಇಲಿ ಸನ್ನೆಯನ್ನು ಒತ್ತಿದರೆ ಅಲ್ಲಿಗೆ ಸೂಕ್ಷ್ಮ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿಗಳು ಅದನ್ನು ಗಂಟೆಗೆ ನೂರಾರು ಸಲ ಒತ್ತತೊಡಗಿದವು. ಮಿದುಳಿನಲ್ಲಿ ಬಹುಮಾನದ ಅನುಭವ ಕೊಡುವ ಜಾಗಗಳಿವೆ ಎಂಬುದು ಹೀಗೆ ಗೊತ್ತಾಯಿತು.

ನಿಮ್ಹಾನ್ಸಿನವರು ಕೇಳಿದ ಪ್ರಶ್ನೆ ಮುಂದಿನದು. ಇಂಥ ಅನುಭವ ಪಡೆದ ಮಿದುಳಿನಲ್ಲಿ ಏನು ಬದಲಾಗುತ್ತದೆ? ಇಲಿಗಳಿಗೆ ಹಲವು ದಿನ ಈ ಅನುಭವ ಸಿಕ್ಕ ಬಳಿಕ ಅವುಗಳ ಹಿಪೊಕ್ಯಾಂಪಸ್ ಮತ್ತು ಚಲನೆಗೆ ಸಂಬಂಧಿಸಿದ ಭಾಗದಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್, ಗ್ಲುಟಮೇಟ್‌ಗಳ ಪ್ರಮಾಣ ಹೆಚ್ಚಾಗಿತ್ತು. ಇದನ್ನು 1998ರಲ್ಲಿ ಪ್ರಕಟಿಸಿದರು. ನರಕೋಶಗಳ ಕವಲುಗಳ ಮೇಲಿನ ಮುಳ್ಳಿನಂಥ ಚಿಗುರುಗಳೂ ದಟ್ಟವಾಗಿದ್ದವು. ಇದನ್ನು 1999ರಲ್ಲಿ ಪ್ರಕಟಿಸಿದರು. ಕೋಶಗಳು ಒಂದಕ್ಕೊಂದು ಸಂಪರ್ಕ ಬೆಳೆಸುವುದು ಈ ಚಿಗುರುಗಳ ಮೂಲಕವೇ. ಬೇವಿನ ಗಿಡ ಯುಗಾದಿಯ ಹೊತ್ತಿಗೆ ಚಿಗುರುವುದನ್ನು ಕಂಡಿದ್ದೀರಲ್ಲ, ಗೆಲುವಿನ ಅನುಭವ ಪಡೆದ ನರಕೋಶ ಹಾಗೆ ಚಿಗುರಿತ್ತು.

ಇದಕ್ಕೆ ವಿರುದ್ಧವಾದ ಚಿತ್ರವೂ ಬೆಂಗಳೂರಿನಿಂದಲೇ ಬಂದಿದೆ. ಆಗ ಎನ್‌ಸಿಬಿಎಸ್ ಸಂಸ್ಥೆಯಲ್ಲಿದ್ದ ಸುಮಂತ್ರ ಚಟರ್ಜಿ ಮತ್ತು ಅವರ ಸಂಗಡಿಗರು 2002ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಅದರಲ್ಲಿ ನಿಮ್ಹಾನ್ಸಿನ ಶಂಕರನಾರಾಯಣ ರಾವ್ ಅವರೂ ಇದ್ದರು. ಇಲಿಗಳನ್ನು ದಿನವೂ ಅಲುಗಾಡದಂತೆ ಕಟ್ಟಿಹಾಕಿ ಒತ್ತಡಕ್ಕೆ ಒಳಪಡಿಸಿದಾಗ ನೆನಪಿನ ಹಿಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಮುರುಟಿದವು. ಅದೇ ವೇಳೆ ಭಯಕ್ಕೆ ಸಂಬಂಧಿಸಿದ 'ಅಮಿಗ್ಡಲಾ' ಎಂಬ ಭಾಗದ ಕವಲುಗಳು ಬೆಳೆದವು. ಒತ್ತಡದಲ್ಲಿ ಬಾಳುವ ಜೀವ ನೆನಪನ್ನು ಕಳೆದುಕೊಳ್ಳುತ್ತ, ಭಯವನ್ನು ಬೆಳೆಸಿಕೊಳ್ಳುತ್ತ ಹೋಗುತ್ತದೆ.

ಮುರುಟಿದ ಕವಲು ಮತ್ತೆ ಚಿಗುರಬಲ್ಲದೇ? ನಮಗೆ ಇದೇ ಮುಖ್ಯ ಪ್ರಶ್ನೆ. ನಿಮ್ಹಾನ್ಸಿನವರು 2008ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ದಿನಕ್ಕೆ 6 ಗಂಟೆಯಂತೆ 21 ದಿನ ಒತ್ತಡ ಅನುಭವಿಸಿ ದಾರಿಯ ನೆನಪು ಕಳೆದುಕೊಂಡಿದ್ದ ಇಲಿಗಳಿಗೆ ಮೇಲೆ ಹೇಳಿದ ಬಹುಮಾನದ ಅನುಭವವನ್ನು ದಿನವೂ ಕೊಡುತ್ತ ಹೋದರು. ಹಿಪೊಕ್ಯಾಂಪಸ್ಸಿನ ಕವಲುಗಳು ಮರಳಿ ಬೆಳೆದವು. ನೆನಪಿನ ಪರೀಕ್ಷೆಯಲ್ಲಿ ಅವು ಮತ್ತೆ ಸುಧಾರಿಸಿದವು.

ಇಲಿಯ ಮಿದುಳು ಬೇರೆ, ಮಗುವಿನ ಮಿದುಳು ಬೇರೆ. ಪ್ರಯೋಗಾಲಯದ ತಂತಿಯೂ ತರಗತಿಯ ಶಾಬಾಷ್‌ಗಿರಿಯೂ ಒಂದೇ ಅಲ್ಲ. ಆದರೂ ಹಾಳಾದದ್ದು ಹಾಳಾಗಿಯೇ ಉಳಿಯಬೇಕಾಗಿಲ್ಲ ಎಂಬ ಭರವಸೆ ಇದರಲ್ಲಿದೆ. 'ಕುಂದ್ ಜೆಹೆನ್' ಎಂದು ಮಗುವಿನ ಹಣೆಗೆ ಚೀಟಿ ಅಂಟಿಸುವ ಮೊದಲು ಇದನ್ನು ನಾವೆಲ್ಲ ನೆನೆಯಬೇಕು.

ಬೆತ್ತ ಮತ್ತು ಪಾಠ

'ದಂಡಂ ದಶಗುಣಂ' ಎಂಬ ಮಾತು ನಮ್ಮ ಕಡೆ ಇನ್ನೂ ಬಳಕೆಯಲ್ಲಿದೆ. ಹೊಡೆದರೆ ಮಗು ಏನನ್ನೂ ಕಲಿಯುವುದಿಲ್ಲವೇ ಎಂದು ಕೇಳಬಹುದು. ಕಲಿಯುತ್ತದೆ. ಆದರೆ ಅದು ಕಲಿಯುವುದು ಪೆಟ್ಟನ್ನು, ಪೆಟ್ಟು ಕೊಟ್ಟವರ ಮುಖವನ್ನು, ಪೆಟ್ಟು ತಪ್ಪಿಸಿಕೊಳ್ಳುವ ಉಪಾಯವನ್ನು. ಏಳರ ಮಗ್ಗಿ ಅಲ್ಲಿಯೇ ಉಳಿಯುತ್ತದೆ.

ಇದು ಹೊಸ ಕಾಲದವರ ಮೆದು ಮಾತಲ್ಲ. ಮಹಾನ್ ವಿದ್ವಾಂಸ ಇಬ್ನ್ ಖಲ್ದೂನ್ 1377ರಲ್ಲಿ ಬರೆದ 'ಮುಕದ್ದಿಮಾ'ದಲ್ಲಿ ಇದನ್ನು ಹೇಳಿದ್ದಾರೆ. ಅತಿಯಾದ ಕಠಿಣ ಶಿಕ್ಷೆ ವಿದ್ಯಾರ್ಥಿಗಳಿಗೆ, ಅದರಲ್ಲೂ ಚಿಕ್ಕ ಮಕ್ಕಳಿಗೆ ಹಾನಿಕರ, ಅದು ಅವರ ಉತ್ಸಾಹವನ್ನು ಕಸಿದು ಸೋಮಾರಿತನಕ್ಕೂ ಸುಳ್ಳು ಹೇಳುವುದಕ್ಕೂ ದೂಡುತ್ತದೆ ಎಂಬುದು ಅವರ ಅಭಿಪ್ರಾಯ. ಪಾಠವನ್ನು ಹಂತ ಹಂತವಾಗಿ, ಮೊದಲು ಸ್ಥೂಲವಾಗಿ, ಬಳಿಕ ವಿವರವಾಗಿ, ಮೂರು ಸಲ ಸುತ್ತಿ ಬರುವಂತೆ ಕಲಿಸಬೇಕು ಎಂದೂ ಅವರು ಹೇಳಿದ್ದಾರೆ. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ.

ಊಹಿಸಲು ಬಿಡಿ

ಶಿಕ್ಷಕ ಬಂಧುಗಳಿಗೆ ನನ್ನ ಮೊದಲ ಸಲಹೆ ಇದು. ಉತ್ತರ ಹೇಳುವ ಮೊದಲು ಮಗುವಿಗೆ ಊಹಿಸಲು ಬಿಡಿ. ಊಹೆ ಇಲ್ಲದೆ ಅಂತರವಿಲ್ಲ, ಅಂತರವಿಲ್ಲದೆ ಅಚ್ಚರಿಯಿಲ್ಲ.

ಉರ್ದು ಮನೆಮಾತಿನ ಮಕ್ಕಳಿಗೆ ಕನ್ನಡ ಕಲಿಸುವುದನ್ನೇ ತೆಗೆದುಕೊಳ್ಳಿ. ಕನ್ನಡ ಕಠಿಣ ಎಂಬ ಅಂಜಿಕೆಯಿಂದಲೇ ಮಗು ಬರುತ್ತದೆ. ಮೊದಲ ದಿನ ಹಲಗೆಯ ಮೇಲೆ ಹಾಜರಿ, ಅರ್ಜಿ, ಕುರ್ಚಿ, ಜಮೀನು, ದವಾಖಾನೆ, ತಾರೀಖು, ಕಾಗದ ಎಂದು ಬರೆದು ಓದಿ ಹೇಳಿ, ಅರ್ಥ ಊಹಿಸಲು ಕೇಳಿ. ಅವೆಲ್ಲ ತನ್ನ ಮನೆಯ ಮಾತುಗಳೇ ಎಂದು ಮಗುವಿಗೆ ಗೊತ್ತಾಗುತ್ತದೆ. "ಕನ್ನಡ ನನಗೆ ಅರ್ಧ ಬರುತ್ತದೆ!" ಎಂಬ ಆ ಬೆರಗು ಮೊದಲ ಗೆಲುವು. ಮರುದಿನ ಮೋಸ ಮಾಡುವ ಶಬ್ದಗಳನ್ನು ಕೊಡಿ. ಉರ್ದುವಿನ 'ಬಾಲ್' ಎಂದರೆ ಕೂದಲು, ಕನ್ನಡದ 'ಬಾಲ' ದನದ ಹಿಂದೆ ಇರುವುದು. ಉರ್ದುವಿನ 'ಕಲ್' ನಿನ್ನೆ ಅಥವಾ ನಾಳೆ, ಕನ್ನಡದ 'ಕಲ್ಲು' ಕಾಲಿಗೆ ತಾಗುವುದು. ಉರ್ದುವಿನ 'ಹಾಲ್' ಕ್ಷೇಮಸಮಾಚಾರ, ಕನ್ನಡದ 'ಹಾಲು' ಚಹಾಕ್ಕೆ ಬೇಕಾದದ್ದು. ಮಗುವಿನ ಊಹೆ ತಪ್ಪುತ್ತದೆ, ತರಗತಿಯೆಲ್ಲ ನಗುತ್ತದೆ. ಆದರೆ ಆ ಶಬ್ದ ಮತ್ತೆ ಮರೆಯುವುದಿಲ್ಲ. ಇಲ್ಲಿ ತಪ್ಪು ಅವಮಾನವಲ್ಲ, ಆಟ. ನಗುವುದು ಶಬ್ದದ ಮೋಸಕ್ಕೆ, ಮಗುವಿಗಲ್ಲ ಎಂಬುದನ್ನು ಶಿಕ್ಷಕರು ನೋಡಿಕೊಳ್ಳಬೇಕು. ಒಂದು ಶಬ್ದವೂ ತಿಳಿಯದ ಪಾಠವನ್ನು ಮುಂದಿಟ್ಟರೆ ಮಗು ಊಹಿಸುವುದಾದರೂ ಏನನ್ನು? ಅದಕ್ಕೇ ತಿಳಿದ ಭಾಷೆಯ ಹೊಸ್ತಿಲಿನಿಂದ ತಿಳಿಯದ ಭಾಷೆಗೆ ಕೈಹಿಡಿದು ಕರೆತರಬೇಕು.

ಕುತೂಹಲದ ಬಗ್ಗೆಯೂ ಒಳ್ಳೆಯ ಸಂಶೋಧನೆ ಇದೆ. 2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜನರಿಗೆ ರಸಪ್ರಶ್ನೆಗಳನ್ನು ಕೇಳಿ, ಉತ್ತರ ಹೇಳುವ ಮುನ್ನ ಸ್ವಲ್ಪ ಕಾಯಿಸಿದರು. ಆ ನಡುವೆ ಯಾರದೋ ಮುಖದ ಚಿತ್ರ ತೋರಿಸಿದರು. ಉತ್ತರಕ್ಕಾಗಿ ತುಂಬ ಕುತೂಹಲವಿದ್ದಾಗ ಡೋಪಮೈನಿನ ಜಾಗ ಚುರುಕಾಗಿತ್ತು. ಆಗ ಉತ್ತರವಷ್ಟೇ ಅಲ್ಲ, ನಡುವೆ ಸುಮ್ಮನೆ ತೋರಿಸಿದ ಮುಖವೂ ಹೆಚ್ಚು ನೆನಪಿನಲ್ಲಿ ಉಳಿದಿತ್ತು. ಕುತೂಹಲ ಎದ್ದಾಗ ತೆರೆದ ಬಾಗಿಲಿನಿಂದ ಪಕ್ಕದ ಪಾಠವೂ ಒಳಗೆ ಹೋಗುತ್ತದೆ.

2013ರಲ್ಲಿ ಅರ್ಜೆಂಟೀನಾದ ವಿಜ್ಞಾನಿಗಳು ಪ್ರಾಥಮಿಕ ಶಾಲೆಗಳಲ್ಲೇ ಒಂದು ಪ್ರಯೋಗ ಮಾಡಿದರು. ಮಕ್ಕಳಿಗೆ ಕಥೆ ಓದಿ ಹೇಳಿದರು. ಅದಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ, ಎಂದೂ ಕಾಣದಂಥ ಹೊಸ ಬಗೆಯ ವಿಜ್ಞಾನ ಅಥವಾ ಸಂಗೀತದ ತರಗತಿ ಪಡೆದ ಮಕ್ಕಳು ಮರುದಿನ ಕಥೆಯನ್ನು ಇತರರಿಗಿಂತ ಹೆಚ್ಚು ನೆನಪಿಟ್ಟುಕೊಂಡಿದ್ದರು. ನಾಲ್ಕು ಗಂಟೆಯ ಅಂತರವಿದ್ದಾಗ ಈ ಲಾಭ ಕಾಣಲಿಲ್ಲ. ಹೊಸ ಅನುಭವದಿಂದ ಬರುವ ಡೋಪಮೈನ್ ಹತ್ತಿರದ ನೆನಪನ್ನೂ ಗಟ್ಟಿ ಮಾಡುತ್ತದೆ ಎಂಬುದು ಇಲಿಗಳ ಅಧ್ಯಯನಗಳಿಂದ ಬಂದ ವಿವರಣೆ. ನಮಗೆ ಇದರಿಂದ ಖರ್ಚಿಲ್ಲದ ಒಂದು ಪಾಠವಿದೆ. ಕಠಿಣ ಪಾಠವಿರುವ ದಿನ ಮಕ್ಕಳನ್ನು ಅಂಗಳಕ್ಕೆ ಕರೆತಂದು ಒಂದು ಹೊಸ ಪ್ರಯೋಗ ತೋರಿಸಿ. ಪ್ರತಿದಿನ ಅದೇ ಪ್ರಯೋಗ ತೋರಿಸಿದರೆ ಮಾತ್ರ ಅದು ಹೊಸದಾಗಿ ಉಳಿಯುವುದಿಲ್ಲ.

ಹಾಫಿಜರಿಂದ ಕಲಿಯೋಣ

ನೆನಪಿನ ವಿಷಯದಲ್ಲಿ ನಮ್ಮ ಮನೆಯಂಗಳದಲ್ಲೇ ದೊಡ್ಡ ಉದಾಹರಣೆ ಇದೆ. ಇಡೀ ಕುರ್‌ಆನನ್ನು ಎದೆಯಲ್ಲಿ ಇಟ್ಟುಕೊಂಡಿರುವ ಹಾಫಿಜರು ತರಾವೀಹಿನಲ್ಲಿ ನಮ್ಮ ಮುಂದೆ ನಿಲ್ಲುತ್ತಾರೆ. ಅವರು ಕಲಿತ ಕ್ರಮವನ್ನು ನೋಡಿ. ಹೊಸ ಪಾಠ 'ಸಬಕ್', ಇತ್ತೀಚಿನ ಪಾಠಗಳ ಪುನರಾವರ್ತನೆ 'ಸಬ್ಕೀ', ಹಳೆಯದರ ಪುನರಾವರ್ತನೆ 'ಮಂಜಿಲ್'. ದಿನವೂ ಸ್ವಲ್ಪ ಹೊಸದು, ಹೆಚ್ಚು ಹಳೆಯದು. ಪುಸ್ತಕ ಮುಚ್ಚಿ ಉಸ್ತಾದರಿಗೆ ಒಪ್ಪಿಸಬೇಕು, ತಪ್ಪಿದ ಕೂಡಲೇ ಅಲ್ಲಿಯೇ ತಿದ್ದುತ್ತಾರೆ. ಗೆಲುವಾಗಲಿ ತಪ್ಪಾಗಲಿ ಆ ಕ್ಷಣವೇ ತಿಳಿಯುತ್ತದೆ.

ಮುಚ್ಚಿ ನೆನಪಿಸಿಕೊಳ್ಳುವುದೇ ಗಟ್ಟಿ ಕಲಿಕೆ ಎಂಬುದನ್ನು 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಪ್ರಯೋಗದಿಂದ ತೋರಿಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ, ಓದದೆ ನೆನಪಿನಿಂದ ಬರೆದು ನೋಡಿದವರು ಮುಂದಿದ್ದರು. ಆದ್ದರಿಂದ ವಿದ್ಯಾರ್ಥಿಗಳೇ, ಇತಿಹಾಸವನ್ನೂ ವಿಜ್ಞಾನವನ್ನೂ ಹಿಫ್ಜ್ ಕ್ರಮದಲ್ಲೇ ಓದಿ. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಅಮ್ಮಿಗೋ ತಮ್ಮನಿಗೋ ಹೇಳಿ, ತಪ್ಪಿದ್ದನ್ನು ತೆರೆದು ನೋಡಿ. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಎದ್ದು ಓದಬೇಡಿ. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡುವ ಕೆಲಸ ನಿದ್ದೆಯಲ್ಲೂ ನಡೆಯುತ್ತದೆ.

ಮೊಬೈಲು, ಗುಟ್ಕಾ ಮತ್ತು ಬಹುಮಾನ

ಡೋಪಮೈನಿನ ಈ ಗುಟ್ಟು ನಮಗಿಂತ ಮೊದಲು ವ್ಯಾಪಾರಿಗಳಿಗೆ ತಿಳಿದಿದೆ. ಮೊಬೈಲಿನಲ್ಲಿ ಒಂದು ರೀಲ್ಸ್ ಸಪ್ಪೆ, ಇನ್ನೊಂದು ಸಪ್ಪೆ, ಮೂರನೆಯದು ಭಾರಿ ಮಜಾ. ಮುಂದಿನದು ಹೇಗಿರುತ್ತದೋ ಗೊತ್ತಿಲ್ಲ, ಆದ್ದರಿಂದ ಬೆರಳು ನಿಲ್ಲುವುದಿಲ್ಲ. ಬೆವರು ಸುರಿಸದೆ ಸಿಗುವ ಈ ಅಚ್ಚರಿಯ ಮುಂದೆ ಬೀಜಗಣಿತ ಸಪ್ಪೆಯಾಗಿ ಕಾಣುವುದು ಸಹಜ. ಮೊಬೈಲನ್ನೇ ಒಡೆದುಹಾಕಿ ಎಂದು ನಾನು ಹೇಳುವುದಿಲ್ಲ, ಅದರಲ್ಲಿ ಪಾಠಗಳೂ ಇವೆ. ಓದುವ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿ ಇರಲಿ, ಮಲಗುವಾಗ ತಲೆದಿಂಬಿನ ಕೆಳಗೆ ಬೇಡ.

ಗುಟ್ಕಾ, ಸಿಗರೇಟಿನ ವಿಷಯ ಇನ್ನೂ ಗಂಭೀರ. ತಂಬಾಕಿನ ನಿಕೋಟಿನ್ ನೇರವಾಗಿ ಡೋಪಮೈನ್ ಕೋಶಗಳನ್ನೇ ಕೆರಳಿಸುತ್ತದೆ. ಏನನ್ನೂ ಗೆಲ್ಲದೆಯೇ ಗೆದ್ದೆನೆಂಬ ಸುಳ್ಳು ಸುದ್ದಿಯನ್ನು ಅದು ಮಿದುಳಿಗೆ ಮುಟ್ಟಿಸುತ್ತದೆ. ಬೆಳೆಯುವ ವಯಸ್ಸಿನಲ್ಲಿ ಈ ಸುಳ್ಳಿಗೆ ಒಗ್ಗಿದವರಿಗೆ ಬಿಡುವುದು ಬಹಳ ಕಷ್ಟ.

ಪಾಲಕರಿಗೆ ಇನ್ನೊಂದು ಮಾತು. "ಇಷ್ಟು ಅಂಕ ತಂದರೆ ಬೈಕು ಕೊಡಿಸುತ್ತೇನೆ" ಎಂದು ವ್ಯಾಪಾರ ಮಾಡಬೇಡಿ. 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಆಸೆ ತೋರಿಸಿ ಚಿತ್ರ ಬರೆಸಿದರು. ಮುಂದಿನ ದಿನಗಳಲ್ಲಿ ಆ ಮಕ್ಕಳಿಗೆ ಚಿತ್ರದ ಮೇಲಿನ ಪ್ರೀತಿಯೇ ಕಡಿಮೆಯಾಯಿತು. ಹೇಳದೆ ಕೇಳದೆ ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಹಾಗಾಗಲಿಲ್ಲ. ಮಗು ನಿಜವಾಗಿ ಮಾಡಿದ ಕೆಲಸವನ್ನು ಹೆಸರಿಸಿ ಹೇಳಿದ ಒಂದು ಮಾತು ಸಾಕು. "ನಿನ್ನೆ ಐದು ತಪ್ಪಿದ್ದವು, ಇಂದು ಎರಡೇ" ಎನ್ನಿ. ದಿನವೂ ಎಲ್ಲರಿಗೂ ಹಂಚುವ ಶಾಬಾಷ್‌ಗಿರಿ ವರ್ಷ ವರ್ಷ ಕೊಡುವ ಅದೇ ಈದಿಯಂತೆ ಸಪ್ಪೆಯಾಗುತ್ತದೆ.

ಡೋಪಮೈನ್ ಹೆಚ್ಚಿಸುವ ಗುಳಿಗೆ, ಪುಡಿ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಹೊರಗಿನಿಂದ ತೆಗೆದುಕೊಂಡ ಡೋಪಮೈನ್ ರಕ್ತದಿಂದ ಮಿದುಳಿನೊಳಗೆ ಹೋಗುವುದೇ ಇಲ್ಲ. ನಸಗುನ್ನಿ ಬೀಜದಲ್ಲಿ ಎಲ್-ಡೋಪಾ ಇರುವುದು ನಿಜ. ಆದರೆ ಅದು ವೈದ್ಯರ ಕೈಯಲ್ಲಿರಬೇಕಾದ ಔಷಧ, ಮಕ್ಕಳ ನೆನಪಿನ ಟಾನಿಕ್ ಅಲ್ಲ. ಹಾಲು, ಮೊಟ್ಟೆ, ಶೇಂಗಾ, ಬೇಳೆ ಇರುವ ಮನೆ ಊಟದಿಂದಲೇ ಶರೀರ ತನಗೆ ಬೇಕಾದದ್ದನ್ನು ತಯಾರಿಸಿಕೊಳ್ಳುತ್ತದೆ. ಇನ್ನು ಕೆಲವು ಮಕ್ಕಳಿಗೆ ಗಮನದ ಕೊರತೆಯೋ, ಅಕ್ಷರ ಗುರುತಿಸುವ ತೊಂದರೆಯೋ ನಿಜವಾಗಿ ಇರುತ್ತದೆ. ಕಣ್ಣು, ಕಿವಿಯ ದೋಷವೂ ಇರಬಹುದು. ಅಂಥವರನ್ನು ತಜ್ಞರಿಗೆ ತೋರಿಸಬೇಕು. ಹತ್ತಿರದಲ್ಲೇ ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆ ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನನ್ನ ವಿನಂತಿ

ಕೊನೆಯದಾಗಿ ಮೂರು ವಿನಂತಿಗಳು. ಪಾಲಕರೇ, ಮಗುವಿನ ಎದುರಿಗೆ ಅದನ್ನು ದಡ್ಡ ಎನ್ನಬೇಡಿ. ಪಕ್ಕದ ಮನೆಯ ಮಗುವಿನ ಅಂಕಗಳೊಡನೆ ಹೋಲಿಸಬೇಡಿ, ಅದರದೇ ನಿನ್ನೆಯೊಡನೆ ಹೋಲಿಸಿ. ಶಿಕ್ಷಕರೇ, ತರಗತಿಯ ಕೊನೆಯ ಬೆಂಚಿನ ಮಗುವಿಗೆ ದಿನಕ್ಕೆ ಒಂದಾದರೂ ಅದು ಉತ್ತರಿಸಬಲ್ಲ ಪ್ರಶ್ನೆ ಕೇಳಿ, ಆಮೇಲೆ ಸ್ವಲ್ಪ ಕಠಿಣವಾದದ್ದನ್ನು ಕೇಳಿ. ಸಂಸ್ಥೆಯ ಹಿರಿಯರೇ, ಪ್ರತಿ ವರ್ಷ ಪ್ರತಿಭಾವಂತ ವಿದ್ಯಾರ್ಥಿಗಳನ್ನು ಸನ್ಮಾನಿಸುತ್ತೀರಿ, ಅದು ಮುಂದುವರಿಯಲಿ. ಅದರ ಜೊತೆಗೆ ಕಳೆದ ವರ್ಷಕ್ಕಿಂತ ಹೆಚ್ಚು ಸುಧಾರಿಸಿದ ಮಗುವಿಗೂ ಇದೇ ವೇದಿಕೆಯ ಮೇಲೆ ಒಂದು ಕುರ್ಚಿ ಇರಲಿ. 90 ತಂದವನ ಮಿದುಳಿಗೆ ಗೆಲುವು ಹೊಸದಲ್ಲ. 25ರಿಂದ 40ಕ್ಕೆ ಬಂದವನಿಗೆ ಅದು ಜೀವನದ ಮೊದಲ ಗೆಲುವು ಆಗಿರಬಹುದು. ಬರುವ ವರ್ಷ ಅವನು ಶಾಲೆಯಲ್ಲಿ ಇರುತ್ತಾನೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿರಬಹುದು.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಲಿಕೆಯೂ ಹಾಗೆಯೇ ಕೂಡುತ್ತದೆ.  ನಮ್ಮ ಎಲ್ಲ ಮಕ್ಕಳಿಗೂ ಅಲ್ಲಾಹನು ಉಪಯುಕ್ತ ಜ್ಞಾನವನ್ನು ಕರುಣಿಸಲಿ, ಆಮೀನ್.